ಕೈಸಾಮಾನೆಂದು ಪರಿಗಣಿಸಲಾದ ಡಿಶ್

ಕ್ಯಾರವಾನ್ ತಂಗುದಾಣದ ನಿಯಮಾವಳಿಯ ನಾಲ್ಕನೇ ಕಲಮಿನ ಪ್ರಕಾರ, ನೆಲಕ್ಕೆ ಕಾಲೂರಿ ನಿಂತದ್ದೆಲ್ಲವೂ ಕಟ್ಟಡ, ಗಾಡಿಗೆ ಅಂಟಿಕೊಂಡದ್ದೆಲ್ಲವೂ ಗಾಡಿ. ಇವೆರಡಕ್ಕೂ ಸೇರದ ವಸ್ತು ಭೂಮಿಯ ಮೇಲೆ ಇಲ್ಲವೆಂದು ಐವರು ತಜ್ಞರ ಸಮಿತಿಯೊಂದು ಮೂರು ವರ್ಷ ಕೂತು, ಚಹಾ ಕುಡಿದು, ಒಮ್ಮತದಿಂದ ತೀರ್ಮಾನಿಸಿತ್ತು.

ಭಾನುವಾರ ಬೆಳಗ್ಗೆ ಹತ್ತಕ್ಕೆ ಕ್ರೇನ್ ಆಪರೇಟರ್ ತನ್ನ ಕ್ಯಾರವಾನಿನ ಪಕ್ಕ ಮೂರು ಕಾಲಿನ ಸ್ಟ್ಯಾಂಡು ಬಿಡಿಸಿ, ಮೇಲೆ ಟಿವಿ ಡಿಶ್ ಕೂರಿಸಿದ. ಇಪ್ಪತ್ತಾರು ವರ್ಷ ಬಂದರಿನಲ್ಲಿ ಸರಕು ಎತ್ತಿಳಿಸಿದ ಗಂಡಸು. ಗಾಳಿಯಲ್ಲಿ ತೂಗಾಡುವ ಕಂಟೇನರನ್ನು ಲಾರಿಯ ಮೇಲೆ ಹೂವಿಟ್ಟಂತೆ ಇಟ್ಟವನಿಗೆ ಮೊರದಗಲದ ಈ ತಟ್ಟೆ ಯಾವ ಲೆಕ್ಕ?

ಮಧ್ಯಾಹ್ನ ಮೂರಕ್ಕೆ ಕಡಲಾಚೆಯ ಊರಲ್ಲಿ ಮಗಳ ವಾಲಿಬಾಲ್ ಫೈನಲ್ ಇತ್ತು. ಹನ್ನೆರಡು ವರ್ಷ ಅವಳನ್ನು ಮೈದಾನದ ಬಾಗಿಲಿಗೆ ಬಿಟ್ಟು ಹಾಗೇ ಪಾಳಿಗೆ ಓಡಿದವನು ಈ ಅಪ್ಪ. ಅವಳು ಆಡುವುದನ್ನು ಒಂದು ದಿನವೂ ನೋಡಿರಲಿಲ್ಲ. ಈ ಸಲ ನೋಡಿಯೇ ಸೈ ಅಂತ ರಜೆ ಹಾಕಿದ್ದ.

"ಲೇ, ಬಂತಾ?" ಗಾಡಿಯೊಳಗೆ ಟಿವಿ ಮುಂದಿದ್ದ ಹೆಂಡತಿಯನ್ನು ಕೂಗಿ ಕೇಳಿದ.

"ಸಿಗ್ನಲ್ ಇಲ್ಲ ಅಂತಾನೇ ತೋರಿಸ್ತಿದೆ ರೀ. ಸ್ವಲ್ಪ ಎಡಕ್ಕೆ... ಹಾಂ, ಬಂತು! ಅಯ್ಯೋ, ಬಂದಿದ್ದು ಹೋಯ್ತು! ನಿಮ್ಮ ಎಡ ಅಲ್ಲ, ನನ್ನ ಎಡ!"

"ನಿನ್ನ ಎಡ ನಂಗೆ ಹೆಂಗೆ ಕಾಣಬೇಕೇ, ಮಧ್ಯ ಗೋಡೆ ಇಟ್ಕೊಂಡು?"

ಕೊನೆಗೆ ಚಿತ್ರ ಬಂತು. ಅದರ ಹಿಂದೆಯೇ ತಂಗುದಾಣದ ಮ್ಯಾನೇಜರ್ ಅಳತೆಪಟ್ಟಿ ಹಿಡಿದು ಬಂದರು. ಅವರ ಹಿಂದೆ ಗುಮಾಸ್ತ.

"ಏನ್ರೀ ಈ ಕಟ್ಟಡ?"

"ಡಿಶ್ಶು ಸಾರ್."

"ಕಾಲಿದೆ, ನೆಲ ಮುಟ್ಟಿದೆ. ನಕ್ಷೆ ಎಲ್ಲಿ? ತಳಪಾಯ ಎಷ್ಟು ಆಳ?"

"ತಳಪಾಯಾನೇ ಇಲ್ಲ ಸಾರ್."

ಮ್ಯಾನೇಜರ್ ಗುಮಾಸ್ತನ ಕಡೆ ತಿರುಗಿದರು. "ತಳಪಾಯವಿಲ್ಲದ ಕಟ್ಟಡ. ಅಪಾಯಕಾರಿ ಅಂತ ಬರ್ಕೊಳ್ಳಿ."

ಆಪರೇಟರ್ ಡಿಶ್ಶನ್ನು ಎತ್ತಿ ಗಾಡಿಯ ತಲೆಯ ಮೇಲಿಟ್ಟ. ಮ್ಯಾನೇಜರ್ ಮತ್ತೆ ಅಳೆದರು.

"ಈಗ ಗಾಡಿ ಎತ್ತರ ಜಾಸ್ತಿಯಾಯ್ತು. ಇಷ್ಟೆತ್ತರದ ಗಾಡಿ ನಮ್ಮ ಗೇಟಲ್ಲಿ ತೂರಲ್ಲ. ಅಂದ್ಮೇಲೆ ಈ ಗಾಡಿ ಒಳಗೆ ಬಂದೇ ಇಲ್ಲ. ಒಳಗೆ ಬರದೇ ಇರೋ ಗಾಡಿಗೆ ಟಿವಿ ಯಾಕ್ರೀ?"

ಈ ತರ್ಕದಲ್ಲಿ ಬಿರುಕು ಹುಡುಕಲು ಆಪರೇಟರ್ ಅರ್ಧ ಗಂಟೆ ತಲೆ ಕೆರೆದುಕೊಂಡ, ಸಿಗಲಿಲ್ಲ. ಫೋನಿನಲ್ಲಿ ನೋಡೋಣವೆಂದರೆ ಗುಡ್ಡದ ಬುಡದಲ್ಲಿ ನೆಟ್‌ವರ್ಕ್ ಇಲ್ಲ. ಗಾಡಿ ಹೊರಗೆ ಒಯ್ಯೋಣವೆಂದರೆ ನಿರ್ಗಮನಕ್ಕೆ ಒಂದು ದಿನ ಮುಂಚೆ ಅರ್ಜಿ ಹಾಕಬೇಕು.

ಎರಡು ಗಂಟೆಗೆ ಗುಮಾಸ್ತ ಹತ್ತೊಂಬತ್ತನೇ ಕಲಮು ಪತ್ತೆಹಚ್ಚಿದ. ಛತ್ರಿಗಳನ್ನು ಗಮನದಲ್ಲಿಟ್ಟು ಬರೆದ ಕಲಮು: 'ನಿವಾಸಿಯು ಕೈಯಲ್ಲಿ ಹಿಡಿದಿರುವ ವಸ್ತುವನ್ನು ಕೈಸಾಮಾನೆಂದು ಪರಿಗಣಿಸತಕ್ಕದ್ದು.'

"ಕೈಯಲ್ಲಿ ಹಿಡ್ಕೊಳ್ಳಿ. ಯಾರು ಬೇಡ ಅಂದ್ರು?" ಮ್ಯಾನೇಜರ್ ಮುಖ ಅರಳಿತು. "ಆದ್ರೆ ಅರ್ಧ ಗಂಟೆಗೊಮ್ಮೆ ಕಾಲೆತ್ತಿ ಇಡಿ. ಇಲ್ಲಾಂದ್ರೆ ನೀವೂ ಕಟ್ಟಡ."

ಮೊದಲು ಹೆಂಡತಿ ಹಿಡಿದಳು. ಎರಡು ನಿಮಿಷಕ್ಕೆ ಚಿತ್ರ ಚೂರುಚೂರಾಯಿತು. "ಕೊಡು ಇಲ್ಲಿ," ಅಂದ ಆಪರೇಟರ್. "ಕೂದಲೆಳೆಯಷ್ಟು ಮಿಸುಕಿದ್ರೆ ಹೇಳು." ಮಿಸುಕಲಿಲ್ಲ. ಡಿಶ್ ಹಿಡಿಯುವ ಪಾಸನ್ನು ಗುಮಾಸ್ತ ಅವನ ಹೆಸರಿಗೇ ಬರೆದು ಮೊಹರು ಒತ್ತಿದ. ನೋಡುವುದು ಹೇಗೆಂಬ ಪ್ರಶ್ನೆ ಅವನಿಗೆ ಹೊಳೆಯುವಷ್ಟರಲ್ಲಿ ಮೊಹರು ಒಣಗಿತ್ತು.

ಕೈಸಾಮಾನಿನ ದುರುಪಯೋಗ ಆಗುತ್ತಿದೆಯೋ ಎಂದು ಪರಿಶೀಲಿಸಲು ಮ್ಯಾನೇಜರ್ ಒಳಗೆ ಹೋಗಿ ಟಿವಿ ಮುಂದೆ ಕೂತರು. ಗುಮಾಸ್ತನೂ ಕೂತ. ಗೇಟಿನ ಕಾವಲುಗಾರ, ಎಲೆಕ್ಟ್ರಿಷಿಯನ್, ನೀರು ಬಿಡುವವನು, ಎಲ್ಲರೂ ತಪಾಸಣಾ ತಂಡ ಸೇರಿದರು. ಹೆಂಡತಿಗೆ ಕಿಟಕಿ ಪಕ್ಕ ನಿಲ್ಲುವಷ್ಟು ಜಾಗ ಸಿಕ್ಕಿತು.

"ಬಂದ್ಳು ರೀ! ಜಡೆ ಎತ್ತಿ ಕಟ್ಟಿದ್ದಾಳೆ. ಸ್ವಲ್ಪ ಸೊರಗಿದ ಹಾಗಿದ್ದಾಳೆ."

"ಆಟ ಹೇಳೇ, ಆಟ!"

"ಅದೇ... ಚೆಂಡು ಆ ಕಡೆ ಹೋಯ್ತು. ಈ ಕಡೆ ಬಂತು. ಮತ್ತೆ ಆ ಕಡೆ ಹೋಯ್ತು."

ಅಪ್ಪ ಖಾಲಿ ಆಕಾಶ ನೋಡುತ್ತಾ, ಚೆಂಡು ಎಲ್ಲಿಂದ ಎಲ್ಲಿಗೆ ಹೋಗಿರಬಹುದೆಂದು ಲೆಕ್ಕ ಹಾಕಿದ. ಕೊನೆಯ ಸೆಟ್ಟಿನ ಕೊನೆಯ ಪಾಯಿಂಟಿಗೆ ಸರಿಯಾಗಿ ಮತ್ತೊಂದು ಅರ್ಧ ಗಂಟೆ ತುಂಬಿತು. ಅವನು ಕಾನೂನಿಗೆ ತಲೆಬಾಗಿ ಕಾಲೆತ್ತಿದ. ಒಳಗಿಂದ ಮ್ಯಾನೇಜರ್ ಕಿರುಚಿದರು: "ಕಾಲಿಳಿಸ್ರೀ! ನಿಯಮ ಐದು ನಿಮಿಷ ಅಮಾನತು!"

ಆಮೇಲೆ ಗಾಡಿಯೇ ಅಲ್ಲಾಡುವಂಥ ಕೇಕೆ. ಮ್ಯಾನೇಜರ್ ಕಣ್ಣೊರೆಸಿಕೊಳ್ಳುತ್ತಾ ಇಳಿದು ಬಂದರು. "ಏನ್ ಹೊಡೆತ ಸ್ವಾಮಿ ನಿಮ್ಮ ಹುಡುಗೀದು! ನೀವು ನೋಡಬೇಕಿತ್ತು."

ಸೋಮವಾರ ಪ್ರಕಟಣೆ ಹೊರಬಿತ್ತು: 'ಟಿವಿ ವೀಕ್ಷಿಸಬಯಸುವ ಪ್ರತಿ ಕುಟುಂಬವು ಗಟ್ಟಿಮುಟ್ಟಾದ ಸದಸ್ಯರೊಬ್ಬರನ್ನು ಹೊರಗೆ ಒದಗಿಸತಕ್ಕದ್ದು. ಹಿಡಿದಿರುವವರು ಸೀನುವ ಮುನ್ನ ಒಳಗಿನವರಿಗೆ ತಿಳಿಸತಕ್ಕದ್ದು.' ಮಂಗಳವಾರದ ಹೊತ್ತಿಗೆ ಸಾಲುಸಾಲು ಗಂಡಂದಿರು, ಭಾವಂದಿರು, ಒಬ್ಬ ಸೋದರಮಾವ, ಎಲ್ಲರೂ ಆಕಾಶಕ್ಕೆ ತಟ್ಟೆ ಒಡ್ಡಿ ನಿಂತಿದ್ದರು. ಯಾರಿಗೂ ಅದರಲ್ಲಿ ವಿಶೇಷ ಕಾಣಲಿಲ್ಲ. ಆಪರೇಟರ್ ಮಾತ್ರ ಉಳಿದವರ ಮೊಣಕೈ ತಿದ್ದುತ್ತಿದ್ದ.

ಗುರುವಾರ ಮಗಳು ಪದಕ ಹಾಕಿಕೊಂಡೇ ಬಂದಳು. ಸಂಜೆ ಐದಕ್ಕೆ ಅದೇ ಆಟದ ಮರುಪ್ರಸಾರ. ಬಾಗಿಲ ಹೊರಗೆ ತಪಾಸಣಾ ತಂಡದ ಚಪ್ಪಲಿಗಳು ಆಗಲೇ ಸಾಲಾಗಿದ್ದವು.

"ಕೊಡಪ್ಪ, ನಾನು ಹಿಡೀತೀನಿ. ನೀನು ಹೋಗಿ ನೋಡು."

ಗುಮಾಸ್ತ ಕಿಟಕಿಯಿಂದ ತಲೆ ಹಾಕಿದ. "ಪಾಸು ಇವರ ಹೆಸರಲ್ಲಿದೆ ತಾಯಿ. ಹೆಸರು ಬದಲಾವಣೆಗೆ ಏಳು ದಿನ."

"ಬಿಡು ಮಗಳೇ," ಅಂದ ಅಪ್ಪ. "ಇವರೆಲ್ಲ ನನ್ನ ಕೈ ನಂಬ್ಕೊಂಡು ಕೂತಿದ್ದಾರೆ."

ಮಗಳು ಅಪ್ಪನ ಮುಖ ನೋಡಿದಳು. ಚೀಲದಿಂದ ಚೆಂಡು ತೆಗೆದಳು. ಜಲ್ಲಿಯ ಮೇಲೆ ಹಿಮ್ಮಡಿಯಿಂದ ಗೆರೆ ಎಳೆದಳು. "ಕೊನೇ ಪಾಯಿಂಟು. ಆ ಮರ ಇದೆಯಲ್ಲ, ಅದೇ ನೆಟ್ಟು ಅಂದ್ಕೋ." ಚೆಂಡು ಮೇಲೆ ಹಾರಿಸುವಷ್ಟರಲ್ಲಿ ಗುಮಾಸ್ತ ಓಡಿ ಬಂದ.

"ಬಯಲಲ್ಲಿ ಕ್ರೀಡಾ ಪ್ರದರ್ಶನ. ಅರ್ಜಿ ಕೊಡದೆ ಆಡೋ ಹಾಗಿಲ್ಲ."

ಮಗಳು ಅವನಿಂದಲೇ ಅರ್ಜಿಯ ಹಾಳೆ ಇಸಿದುಕೊಂಡಳು. ಹಾಳೆ ಇಟ್ಟು ಬರೆಯಲು ಎಲ್ಲೂ ಜಾಗವಿಲ್ಲ. ಅಪ್ಪ ಹಿಡಿದಿದ್ದ ಡಿಶ್ಶಿನ ಬೆನ್ನಿಗೇ ಹಾಳೆ ಆನಿಸಿ ಬರೆದಳು. ಒಳಗೆ ಚಿತ್ರ ಒಂದಿಷ್ಟೂ ಅಲುಗಲಿಲ್ಲವೆಂದು ತಪಾಸಣಾ ತಂಡ ಚಪ್ಪಾಳೆ ತಟ್ಟಿತು.

'ನಿರೀಕ್ಷಿತ ಪ್ರೇಕ್ಷಕರ ಸಂಖ್ಯೆ' ಎಂಬಲ್ಲಿ ಅವಳು 'ಒಬ್ಬರು' ಎಂದು ತುಂಬಿದಳು.

ಗುಮಾಸ್ತ ಅದನ್ನು ಎರಡು ಸಲ ಓದಿ ಮೊಹರು ಒತ್ತಿದ. "ಒಬ್ಬರೇ ಆದ್ರೆ ತೊಂದರೆ ಇಲ್ಲ. ಆಡಿ."