ಕಾಲು ಗಂಟೆಯ ಮರ್ಯಾದೆ

ಸೊಲಾಂಜ್: ಆ ರೈಲು ಬೇಡ ಅಂದ್ರೆ ಬೇಡ ರೀ! ಅದು ನಮ್ಮನ್ನ ಸರಿಯಾದ ಹೊತ್ತಿಗೆ ತಲುಪಿಸಿಬಿಡುತ್ತೆ.

ಫೋಲ್ಕರ್: ರೈಲು ಇರೋದೇ ಅದಕ್ಕಲ್ವೇನೇ?

ಸೊಲಾಂಜ್: ನಿಮ್ಮ ಜರ್ಮನಿಯಲ್ಲಿ! ನಮ್ಮ ಫ್ರಾನ್ಸಲ್ಲಿ ಕರೆದ ಹೊತ್ತಿಗೇ ಬಂದು ನಿಲ್ಲೋರು ಬೆಂಕಿ ಆರಿಸೋರು ಮಾತ್ರ. ಊಟಕ್ಕೆ ಬರೋ ಮರ್ಯಾದಸ್ಥರು ಕಾಲು ಗಂಟೆ ತಡವಾಗಿ ಬರ್ತಾರೆ.

(ಜರ್ಮನಿಯ ಗಡಿ ಊರಾದ ಸಾರ್‌ಬ್ರ್ಯೂಕನ್‌ನ ಒಂದು ಅಡುಗೆಮನೆ. ಫೋಲ್ಕರ್ ಮೊಬೈಲಿನಲ್ಲಿ ರೈಲಿನ ವೇಳಾಪಟ್ಟಿ ತೆರೆದು ಕೂತಿದ್ದಾನೆ. ನಾಳೆ, ಭಾನುವಾರ, ಗಡಿ ದಾಟಿ ಫ್ರಾನ್ಸಿನ ಮೆಟ್ಸ್‌ನಲ್ಲಿರುವ ಅತ್ತೆಯ ಮನೆಗೆ ಊಟಕ್ಕೆ ಹೋಗಬೇಕು. ಈಸ್ಟರ್‌ಗೆ ಹೋದಾಗ ಈ ಮಹಾಶಯ ಹೇಳಿದ ನಿಮಿಷಕ್ಕೆ ಸರಿಯಾಗಿ ಬೆಲ್ ಒತ್ತಿದ್ದ. ಅತ್ತೆ ಓಡೆಟ್ ತಲೆ ತುಂಬ ಕೂದಲು ಗುಂಗುರು ಮಾಡುವ ಸುರುಳಿಗಳನ್ನು ಸಿಕ್ಕಿಸಿಕೊಂಡೇ ಬಾಗಿಲು ತೆರೆಯಬೇಕಾಯಿತು. ಅಂದಿನಿಂದ ಅಳಿಯನ ಜೊತೆ ಮಾತು ಬಿಟ್ಟಿದ್ದಾರೆ.)

ಫೋಲ್ಕರ್: ಅವತ್ತು ಊಟಕ್ಕೆ ಅವರ ಪಕ್ಕದಲ್ಲೇ ಕೂತಿದ್ದೆ. ಆದರೂ 'ನಿನ್ನ ಗಂಡನಿಗೆ ಇನ್ನೊಂದು ತುಂಡು ಬೇಕಾ ಕೇಳು' ಅಂತ ನಿನಗೆ ಹೇಳಿದ್ರು! ನಾನೇನು ಕುರ್ಚಿನಾ? ನಾಳೆ ಅವರು ನನ್ನ ಹತ್ರ ಒಂದು ಮಾತಾದ್ರೂ ಆಡೋ ಹಾಗೆ ಮಾಡಬೇಕು ಕಣೇ. ಮೆಟ್ಸ್‌ಗೆ ಹೋಗೋದೇ ಅದಕ್ಕೆ.

ಸೊಲಾಂಜ್: ಮೊದಲು ಊರಿನ ಹೆಸರು ಸರಿಯಾಗಿ ಹೇಳಿ. ಮೆಟ್ಸ್ ಅಲ್ಲ, ಮೆಸ್.

ಫೋಲ್ಕರ್: ಬರೆಯೋದೊಂದು, ಅನ್ನೋದೊಂದು! ನಿಮ್ಮಮ್ಮನ ಊಟದ ಹೊತ್ತಿನ ಹಾಗೇ. ಈಗ ಹನ್ನೆರಡೂಕಾಲಿಗೆ ಬನ್ನಿ ಅಂದಿದಾರೆ. ಅಂದ್ರೆ ಹನ್ನೆರಡೂವರೆಗೆ ಹೋಗಬೇಕು. ಮುಂದಿನ ರೈಲು ಒಂದು ಗಂಟೆ ತಡ. ಆದ್ರೆ ಮರ್ಯಾದೆ ನಾಲ್ಕು ಪಟ್ಟಾಯ್ತಲ್ಲ?

ಸೊಲಾಂಜ್: ಅದು ಮರ್ಯಾದೆ ಅಲ್ಲ, ದ್ವೇಷ.

ಫೋಲ್ಕರ್: ಹಾಗಾದ್ರೆ ಮೊದಲನೇ ರೈಲೇ ಇರ್ಲಿ. ನಮ್ಮ ಜರ್ಮನಿ ಕಡೆ ಹೊರಡುವಾಗಲೇ ಅದು ತಾನಾಗಿ ತಡ ಮಾಡ್ಕೊಳ್ಳುತ್ತೆ.

ಸೊಲಾಂಜ್: ತಡ ಆಗಬೇಕಾದ ದಿನವೇ ಅದು ಸಮಯಕ್ಕೆ ಬರುತ್ತೆ.

ಫೋಲ್ಕರ್: ನಿಮ್ಮ ಕಡೆ ರೈಲಿನೋರು ಮುಷ್ಕರ ಮಾಡಿದ್ರೆ?

ಸೊಲಾಂಜ್: ಆಗ ಸೋಮವಾರ ತಲುಪ್ತೀವಿ. ಅಷ್ಟೊಂದು ಮರ್ಯಾದೆ ಅಮ್ಮನೂ ಕೇಳಿಲ್ಲ.

ಫೋಲ್ಕರ್: ಹಾಗಾದ್ರೆ ಅಲ್ಲಿಳಿದು ಕಾಲು ಗಂಟೆ ಬೀದಿ ಸುತ್ತೋಣ.

ಸೊಲಾಂಜ್: ಅಮ್ಮನ ಎದುರುಮನೆಯಾಕೆ ಕಿಟಕಿ ಬಿಟ್ಟು ಕದಲಲ್ಲ. ತಕ್ಷಣ ಅಮ್ಮನಿಗೆ ಸುದ್ದಿ ಹೋಗುತ್ತೆ.

ಫೋಲ್ಕರ್: ಕಾಫಿ ಅಂಗಡಿಯಲ್ಲಿ ಕೂರೋಣ.

ಸೊಲಾಂಜ್: ಊಟಕ್ಕೆ ಕರೆದೋರ ಬೀದಿಯಲ್ಲಿ ಹೊರಗೆ ಬಾಯಾಡಿಸಿದ್ರಾ? ಮುಗೀತು ಕಥೆ!

(ಫೋಲ್ಕರ್ ಎದೆಯುಬ್ಬಿಸಿದ. ಇಂಥ ಹೊತ್ತಿನಲ್ಲಿ ಈತನನ್ನು ಕಂಡರೆ ಪಾಪ ಅನ್ನಿಸುತ್ತದೆ.)

ಫೋಲ್ಕರ್: ನನಗೆ ಗೊತ್ತಿತ್ತು. ಅದಕ್ಕೇ ಟಿಕೆಟ್ ಆಗಲೇ ತಗೊಂಡಿದೀನಿ. ಮೆಸ್‌ನಲ್ಲಿ ಇಳೀತೀವಿ, ಇನ್ನೊಂದು ರೈಲು ಹತ್ತಿ ಮುಂದಿನ ಸ್ಟೇಷನ್‌ಗೆ ಹೋಗ್ತೀವಿ, ವಾಪಸ್ ಬರ್ತೀವಿ. ಸರಿಯಾಗಿ ಕಾಲು ಗಂಟೆ ತಡ!

ಸೊಲಾಂಜ್: ಅಲ್ಲೇನಿದೆ?

ಫೋಲ್ಕರ್: ಏನೂ ಇಲ್ಲ. ಅದಕ್ಕೇ ಬೇಗ ವಾಪಸ್ ಬರಬಹುದು.

(ಫೋನ್ ಬಡಿದುಕೊಂಡಿತು. ಅತ್ತೆ. ಸೊಲಾಂಜ್ ಸ್ಪೀಕರ್ ಹಾಕಿದಳು.)

ಓಡೆಟ್: ಸೊಲಾಂಜ್, ಹನ್ನೆರಡೂಕಾಲು ಅಂದ್ರೆ ಹನ್ನೆರಡೂಕಾಲೇ. ಮಿಕ್ಕೋರಿಗೆಲ್ಲ ಹನ್ನೆರಡು ಅಂದಿದೀನಿ. ನಿನ್ನ ಗಂಡ ಹೇಳಿದ ನಿಮಿಷಕ್ಕೇ ಬರೋ ಆಸಾಮಿ. ಅದಕ್ಕೆ ಆ ಕಾಲು ಗಂಟೆ ನಾನೇ ಸೇರಿಸಿಬಿಟ್ಟೆ.

ಸೊಲಾಂಜ್: ಅಯ್ಯೋ ಅಮ್ಮಾ! ಅವರೂ ಒಂದು ಕಾಲು ಗಂಟೆ ಸೇರಿಸಿದಾರೆ. ನಿಮ್ಮೂರಿಗೆ ಬಂದು, ಊರು ದಾಟಿ ಹೋಗಿ, ಮತ್ತೆ ವಾಪಸ್ ಬರ್ತಾರಂತೆ.

(ಆ ಕಡೆ ಉಸಿರೆಳೆದುಕೊಂಡ ಸದ್ದು.)

ಓಡೆಟ್: ಸ್ಪೀಕರ್ ತೆಗಿ. ಫೋನ್ ಅವರಿಗೆ ಕೊಡು.

(ಫೋಲ್ಕರ್ ಎದ್ದು ನಿಂತು ಫೋನ್ ಕಿವಿಗೆ ಹಿಡಿದ. 'ಹೂಂ ಅತ್ತೆ' ಅಂದ. 'ಇಲ್ಲ ಅತ್ತೆ' ಅಂದ. 'ನನಗೆ ಬುದ್ಧಿ ಇಲ್ಲ ಅತ್ತೆ' ಅಂದ. ಕಿವಿ ಕೆಂಪಾಯಿತು. ಫೋನ್ ಕೆಳಗಿಟ್ಟಾಗ ಅವನ ಕಣ್ಣಲ್ಲಿ ನೀರಿತ್ತು.)

ಸೊಲಾಂಜ್: ತುಂಬ ಬೈದ್ರಾ?

ಫೋಲ್ಕರ್: ಬೈದ್ರು ಕಣೇ! ನಿನ್ನನ್ನ ಮಧ್ಯ ಇಟ್ಕೊಳ್ಳದೆ, ನೇರವಾಗಿ ನನಗೇ ಬೈದ್ರು!