ಚಿನ್ನುವಿನ ಒಂದು ತೇಗಿಗಾಗಿ

ಮಗುವಿಗೆ ಹಾಲು ಕುಡಿಸುವುದು ಒಂದು ಕೆಲಸವೇ ಅಲ್ಲ ಎಂದು ನಂಬಿದ್ದ ಗಂಡಸರಲ್ಲಿ ನಾನೂ ಒಬ್ಬ. ಹಾಲಿದೆ, ಬಾಯಿದೆ, ಹಸಿವೂ ಇದೆ. ನಡುವೆ ಮೂರನೆಯವರಿಗೇನು ಕೆಲಸ ಎನ್ನುವುದು ನನ್ನ ವಾದವಾಗಿತ್ತು. ಇದನ್ನು ಹೈದರಾಬಾದಿನ ನಾಚಾರಂನಲ್ಲಿದ್ದ ನಮ್ಮ ಕಾರ್ಖಾನೆಯ ಕ್ಯಾಂಟೀನಿನಲ್ಲಿ, ಮಕ್ಕಳೊಂದಿಗರಾದ ಇಬ್ಬರು ಸಹೋದ್ಯೋಗಿಗಳ ಎದುರು ಮಂಡಿಸಿಯೂ ಇದ್ದೆ. ಅವರು ಒಬ್ಬರನ್ನೊಬ್ಬರು ನೋಡಿ ನಕ್ಕು, ಚಹಾ ಕುಡಿದು ಎದ್ದುಹೋದರು. ಆ ನಗುವಿನ ಅರ್ಥ ನನಗೆ ಹೊಳೆಯಲು ನನ್ನ ಮಗ ಚಿನ್ನು ಹುಟ್ಟಬೇಕಾಯಿತು.

ಚಿನ್ನು ಕುಡಿಯುತ್ತಿದ್ದ, ಕುಡಿದದ್ದನ್ನು ಹಾಗೆಯೇ ಹಿಂತಿರುಗಿಸುತ್ತಿದ್ದ. ಎಲ್ಲ ಮಕ್ಕಳೂ ಕಕ್ಕುತ್ತವೆ, ನಿಜ. ಆದರೆ ಇವನು ಬೆನ್ನನ್ನು ಬಿಲ್ಲಿನಂತೆ ಬಾಗಿಸಿ, ಮುಖ ಕೆಂಪಗೆ ಮಾಡಿಕೊಂಡು, ಎದೆಯೊಳಗೆ ಮೆಣಸಿನಕಾಯಿ ಸಿಕ್ಕಿಕೊಂಡವನಂತೆ ಚೀರಿ ಆಮೇಲೆ ಕಕ್ಕುತ್ತಿದ್ದ. ಹೊಟ್ಟೆಯ ಬಾಯಿ ಇನ್ನೂ ಬಿಗಿಯಾಗಿಲ್ಲ, ಹುಳಿಯಾದ ಹಾಲು ಮೇಲೆ ಬಂದು ಗಂಟಲು ಉರಿಯುತ್ತದೆ ಎಂದರು ಡಾಕ್ಟರು. ಸ್ವಲ್ಪ ಸ್ವಲ್ಪವೇ ಕುಡಿಸಿ, ಕುಡಿದ ಮೇಲೆ ಅರ್ಧ ಗಂಟೆ ಭುಜದ ಮೇಲೆ ನೆಟ್ಟಗೆ ಹಿಡಿದುಕೊಳ್ಳಿ ಎಂದು ಹೇಳಿ, ತೂಕದ ಯಂತ್ರ ನೋಡಿ ಹುಬ್ಬು ಗಂಟಿಕ್ಕಿದರು. ನಾಲ್ಕು ತಿಂಗಳ ಕೂಸಿನ ತೂಕ ಮೂರು ವಾರದಿಂದ ನಿಂತಲ್ಲೇ ನಿಂತಿತ್ತು. "ಹದಿನೈದು ದಿನ ನೋಡೋಣ. ಏರದಿದ್ದರೆ ಅಡ್ಮಿಟ್ ಮಾಡಿ, ಮೂಗಿನಿಂದ ನಳಿಕೆ ಹಾಕಿ ಕುಡಿಸಬೇಕಾಗುತ್ತದೆ" ಎಂದರು. ಆಟೋದಲ್ಲಿ ಮನೆಗೆ ಬರುವಾಗ ನನ್ನ ಹೆಂಡತಿ ಸುನಂದಾ ದಾರಿಯುದ್ದಕ್ಕೂ ಮಗುವಿನ ಮೂಗನ್ನೇ ನೋಡುತ್ತಿದ್ದಳು. ಆ ಮೂಗಾದರೂ ಎಷ್ಟು, ಒಂದು ಕಡಲೆಕಾಳಿನಷ್ಟು.

ಅದು ಹೈದರಾಬಾದಿನಲ್ಲಿ ಖಾಲಿ ಸೈಟುಗಳೆಲ್ಲ ಸಾಫ್ಟ್‌ವೇರ್ ಆಫೀಸುಗಳಾಗುತ್ತಿದ್ದ ಕಾಲ. ಬೇಗಂಪೇಟೆಯಲ್ಲಿ ಅಂಥದೊಂದು ಆಫೀಸಿನಲ್ಲಿದ್ದ ಸುನಂದಾಳ ರಜೆ ಆ ವಾರವೇ ಮುಗಿಯುವುದಿತ್ತು. ಕಲಬುರಗಿಯಿಂದ ಬರಬೇಕಿದ್ದ ಅವಳ ತಾಯಿ ಬಚ್ಚಲಲ್ಲಿ ಜಾರಿ ಕಾಲು ಉಳುಕಿಸಿಕೊಂಡರು. ಹೀಗಾಗಿ ನಾನು ಕಾರ್ಖಾನೆಗೆ ರಜೆ ಹಾಕಿ ಕೂಸಿನ ಡ್ಯೂಟಿಗೆ ಹಾಜರಾದೆ.

ಮೊದಲ ದಿನವೇ ಸುನಂದಾ ಆಫೀಸಿನ ಅಭ್ಯಾಸದಂತೆ ಒಂದು ಶೀಟು ತಯಾರಿಸಿ ಫ್ರಿಜ್ಜಿಗೆ ಅಂಟಿಸಿದಳು. ಅವಳು ತೆಗೆದಿಟ್ಟುಹೋದ ಎದೆಹಾಲನ್ನು ಮೂರು ತಾಸಿಗೊಮ್ಮೆ ಬಾಟಲಿಯಲ್ಲಿ ಕುಡಿಸಬೇಕು. ಅವಳ ಆಫೀಸಿನ ಗೆಳತಿಯ ಮಗ ಒಂದು ಸಲಕ್ಕೆ ನಾಲ್ಕು ಔನ್ಸ್ ಕುಡಿಯುತ್ತಿದ್ದನಂತೆ. ಆದ್ದರಿಂದ ನಮ್ಮವನಿಗೂ ನಾಲ್ಕು. ಪೂರ್ತಿ ಕುಡಿದರೆ ಹಸಿರು ಪೆನ್ನಿನ ಗುರುತು, ಉಳಿಸಿದರೆ ಕೆಂಪು. ನಾನು ಕಾರ್ಖಾನೆಯಲ್ಲಿ ಕ್ವಾಲಿಟಿ ವಿಭಾಗದವನು. ಶೀಟಿನ ಮೇಲೆ ಕೆಂಪು ಗುರುತು ಕಂಡರೆ ನನಗೆ ಊಟ ಸೇರುವುದಿಲ್ಲ. ಹಸಿರಿಗಾಗಿ ನಾನು ಹಾಡಿದೆ, ಕುಣಿದೆ, ಗಿಲಕಿ ಅಲ್ಲಾಡಿಸಿದೆ, ಅವನು ಚೀರಲು ಬಾಯಿ ತೆರೆದ ಗಳಿಗೆಯಲ್ಲೇ ಬಾಟಲಿ ತೂರಿಸಿದೆ. ಎರಡನೆಯ ದಿನ ಸಂಜೆಯ ಹೊತ್ತಿಗೆ ಶೀಟು ಗದ್ದೆಯಂತೆ ಹಸಿರಾಗಿತ್ತು. ನಾಲ್ಕು ಔನ್ಸೂ ನನ್ನ ಅಂಗಿಯ ಮೇಲಿತ್ತು. ಕಕ್ಕಿದ್ದಕ್ಕೆ ಶೀಟಿನಲ್ಲಿ ಜಾಗವೇ ಇರಲಿಲ್ಲ, ನಾನೂ ಕೇಳಲಿಲ್ಲ.

ಎದುರು ಮನೆಯ ತೆಲುಗಿನ ಹಿರಿಯಾಕೆ ಲಕ್ಷ್ಮೀಗಾರು ಬಂದು ನೋಡಿ, "ದಿಷ್ಟಿ ತಗಿಲಿಂದಿ ಬಾಬೂ", ದೃಷ್ಟಿ ತಗುಲಿದೆ ಎಂದು ಉಪ್ಪು ಮೆಣಸಿನಕಾಯಿ ನಿವಾಳಿಸಿ ಬೆಂಕಿಗೆ ಹಾಕಿದರು. ಮೆಣಸಿನಕಾಯಿಯ ಘಾಟಿಗೆ ಕೆಮ್ಮಿದವನು ನಾನೊಬ್ಬನೇ.

ನಾಲ್ಕನೆಯ ದಿನ ಬೆಳಿಗ್ಗೆ ನಮ್ಮ ಮೊದಲ ಮಹಡಿಯ ಬಾಲ್ಕನಿಯಲ್ಲಿ ಕೂತು ಯುದ್ಧ ನಡೆಸಿದ್ದೆ. "ಕುಡಿಯೋ ನಮ್ಮಪ್ಪಾ, ಇನ್ನೊಂದ್ ಗುಟುಕು, ಕೈ ಮುಗೀತೀನಿ" ಎಂದು ಅಂಗಲಾಚುತ್ತಿದ್ದೆ. ಪಕ್ಕದ ಸೈಟಿನಲ್ಲಿ ನಮ್ಮ ಬಾಲ್ಕನಿಯ ಎತ್ತರಕ್ಕೇ ಸ್ಲ್ಯಾಬು ಎದ್ದಿತ್ತು. ಅದರ ಮೇಲೆ ಇಟ್ಟಿಗೆ ಇಳಿಸುತ್ತಿದ್ದ ಹೆಂಗಸೊಬ್ಬಳು ತಲೆಯ ಸಿಂಬಿ ತೆಗೆದು ನನ್ನತ್ತ ತಿರುಗಿದಳು. ಕೆಳಗೆ ನೆರಳಿನಲ್ಲಿ ಸೀರೆಯ ಜೋಳಿಗೆಯೊಳಗೆ ಅವಳದೇ ಕೂಸು ಮಲಗಿತ್ತು.

"ಅಣ್ಣಾರ, ಕನ್ನಡದವ್ರೇನ್ರಿ? ಸಿಟ್ಟಿಗೇಳಬ್ಯಾಡ್ರಿ, ಒಂದ್ ಮಾತ ಹೇಳ್ಲೇನ್ರಿ?"

"ಹೇಳವ್ವಾ."

"ಆ ಕೂಸು ಸಾಕಂತ ಆಗಲೇ ಮೂರ್ ಸರ್ತಿ ಹೇಳ್ತು. ನೀವು ಕೇಳವಲ್ರಿ."

"ನಾಕ್ ತಿಂಗಳ ಕೂಸು ಹೆಂಗ ಹೇಳ್ತೈತಿ?"

"ಮಾರಿ ಹೊಳ್ಳಿಸ್ತಲ್ರಿ. ನಾಲಿಗಿಲೆ ಬಾಟ್ಲಿ ಹೊರಗ ದಬ್ಬತು. ಮುಷ್ಟಿ ಬಿಚ್ಚಿ ಕೈ ಸಡ್ಲ ಬಿಟ್ಟತು. ಇನ್ನ ಎದ್ದು ನಿಂತು ಹೇಳ್ಬೇಕೇನ್ರಿ? ನಿಮ್ಮನ್ನ ಕುಂದ್ರಿಸಿ, ಹೊಟ್ಟಿ ತುಂಬಿದ ಮ್ಯಾಲೂ ರೊಟ್ಟಿ ತುರುಕಿದ್ರ ನೀವೇನ್ ಮಾಡ್ತಿದ್ರಿ?"

ಸ್ಲ್ಯಾಬಿನ ಮೇಲಿದ್ದವರೆಲ್ಲ ನಕ್ಕರು. ನನಗೆ ಅವಮಾನವಾಯಿತು. ಡಿಪ್ಲೊಮಾ ಓದಿದವನು ನಾನು, ಫ್ರಿಜ್ಜಿನ ಮೇಲೆ ಶೀಟಿದೆ ಎಂದು ಹೇಳಬೇಕೆನ್ನಿಸಿತು. ಅಷ್ಟರಲ್ಲಿ ಚಿನ್ನು ಬೆನ್ನು ಬಾಗಿಸಿ ಅಷ್ಟನ್ನೂ ನನ್ನ ಮಡಿಲಿಗೆ ಸುರಿದ. ಬಿಕ್ಕುತ್ತ, ಒದ್ದೆ ರೆಪ್ಪೆಗಳ ನಡುವೆ ನನ್ನನ್ನೇ ನೋಡಿದ. ನಾಲ್ಕು ದಿನದಿಂದ ನಾನು ಬಾಟಲಿಯ ಗೆರೆಗಳನ್ನು ನೋಡುತ್ತಿದ್ದೆನೇ ಹೊರತು ಇವನ ಮುಖವನ್ನು ನೋಡಿರಲಿಲ್ಲ ಎಂದು ಆಗ ಗೊತ್ತಾಯಿತು. ಬಾಟಲಿಯನ್ನು ಕೆಳಗಿಟ್ಟೆ.

ಅವಳ ಹೆಸರು ಮಲ್ಲಮ್ಮ, ಯಾದಗಿರಿ ಕಡೆಯವಳು, ಮೂರು ಮಕ್ಕಳ ತಾಯಿ. ಸ್ವಲ್ಪ ಸ್ವಲ್ಪವೇ ಆಗಾಗ ಕುಡಿಸಿ ಎಂದಳು. ಅಂದಿನಿಂದ ನಾನು ಒಂದು ಸಲಕ್ಕೆ ಎರಡು ಔನ್ಸಿಗಿಂತ ಹೆಚ್ಚು ಹಾಕಲಿಲ್ಲ. ಅವನು ಮುಖ ತಿರುಗಿಸಿದರೆ ನಿಲ್ಲಿಸುತ್ತಿದ್ದೆ, ಭುಜಕ್ಕೆ ಹಾಕಿಕೊಂಡು ಬೆನ್ನು ತಟ್ಟುತ್ತಿದ್ದೆ, ತೇಗಿಗಾಗಿ ಕಿವಿ ನಿಮಿರಿಸಿ ಕಾಯುತ್ತಿದ್ದೆ. ಒಳ್ಳೆಯ ತೇಗು ಬಂದರೆ ಮಲ್ಲಮ್ಮನಿಗೆ ಕೈಯೆತ್ತಿ ತೋರಿಸುತ್ತಿದ್ದೆ, ಅವಳು ಸಿಂಬಿ ಎತ್ತಿ "ಭೇಷ್ ರೀ!" ಎನ್ನುತ್ತಿದ್ದಳು. ಸುನಂದಾ ಶೀಟಿನ ತುಂಬ ಕೆಂಪು ಕಂಡು ಗಾಬರಿಯಾದಳು. ಆದರೆ ಸಂಜೆ ಕೂಸು ಅಳದೆ ಅವಳ ತೊಡೆಯ ಮೇಲೆ ಕಾಲು ಆಡಿಸುವುದನ್ನು ಕಂಡು ತಾನೇ ಹೋಗಿ ಶೀಟನ್ನು ಕಿತ್ತು ಹಾಕಿದಳು.

ಹದಿನೈದನೆಯ ದಿನ ಚಿನ್ನುವನ್ನು ತೂಕದ ತಟ್ಟೆಯಲ್ಲಿ ಮಲಗಿಸಿದಾಗ ನಾವಿಬ್ಬರೂ ಉಸಿರು ಬಿಗಿಹಿಡಿದಿದ್ದೆವು. ಮುಳ್ಳು ಹಳೆಯ ಗೆರೆಯ ಹತ್ತಿರ ನಡುಗಿತು, ಆಮೇಲೆ ಮುಂದೆ ಹೋಗಿ ನಿಂತಿತು. ಸುನಂದಾ ನನ್ನ ಮೊಣಕೈಯನ್ನು ಬಿಗಿಯಾಗಿ ಹಿಡಿದಳು, ಅವಳು ಅಳುತ್ತಿದ್ದಾಳೋ ನಾನು ಅಳುತ್ತಿದ್ದೇನೋ ತಿಳಿಯಲಿಲ್ಲ. ನಳಿಕೆ ಬೇಡ ಎಂದರು ಡಾಕ್ಟರು. "ಏನು ಮಾಡಿದಿರಿ?" ಎಂದು ಕೇಳಿದರು.

ನಾನು ಗಂಟಲು ಸರಿಪಡಿಸಿಕೊಂಡು, "ನಾನು ಗಮನಿಸಿದ್ದೇನೆಂದರೆ..." ಎಂದು ಶುರು ಮಾಡಿದೆ. ಸುನಂದಾ ನನ್ನ ಕಾಲು ತುಳಿದಳು. ನಿಜ ಹೇಳಿದೆ: ಪಕ್ಕದ ಸೈಟಿನ ಹೆಣ್ಣುಮಗಳು ಸ್ವಲ್ಪ ಸ್ವಲ್ಪವೇ ಕುಡಿಸಲು ಹೇಳಿದಳು.

ಡಾಕ್ಟರು ಪೆನ್ನು ಕೆಳಗಿಟ್ಟರು. "ಅದನ್ನೇ ಅಲ್ಲವೇನ್ರಿ ನಾನೂ ಹೇಳಿದ್ದು? ನನ್ನ ಮಾತು ಕೇಳುವುದಕ್ಕೆ ಅವರ ಶಿಫಾರಸು ಬೇಕಾಯಿತೇ?"

ಆ ವಾರ ಕಲಬುರಗಿಯಿಂದ ಅತ್ತೆ ಕುಂಟುತ್ತ ಬಂದಿಳಿದರು. ಅವರು ಕೂಸನ್ನು ಎತ್ತಿಕೊಂಡ ರೀತಿ ಸರಿಯಿಲ್ಲವೆಂದು ನಾನು ಎರಡು ಸಲ ತಿದ್ದಿದೆ. ಮೂರನೆಯ ಸಲಕ್ಕೆ ಅವರು, "ನಿಮ್ಮ ಹೆಂಡ್ತೀನ್ನ ಬೆಳಸಿದಾಕಿ ನಾನಽ ಅದೀನ್ರಿ. ನೀವು ನಾಳಿಂದ ಡ್ಯೂಟಿಗೆ ಹೋಗ್ರಿ" ಎಂದರು.

ಮರುದಿನ ಬೆಳಿಗ್ಗೆ ಹೋದೆ. ಸಿಕಂದರಾಬಾದಿನ ಹತ್ತಿರ ಬಸ್ಸು ಸಿಗ್ನಲ್ಲಿಗೆ ನಿಂತಾಗ, ಎದುರು ಸೀಟಿನ ಮುದುಕಿ ನನ್ನನ್ನೇ ಮಮತೆಯಿಂದ ನೋಡುತ್ತಿದ್ದಳು. "ಬಾಬು ಪಡುಕುನ್ನಾಡಾ?" ಮಗು ಮಲಗಿತೇ ಎಂದು ಪಿಸುಮಾತಿನಲ್ಲಿ ಕೇಳಿದಳು. ಆಗ ನೋಡಿಕೊಂಡೆ. ನನ್ನ ಊಟದ ಚೀಲ ಎಡಭುಜದ ಮೇಲೆ ನೆಟ್ಟಗೆ ಕೂತಿತ್ತು. ಬಲಗೈ ಅದರ ಬೆನ್ನನ್ನು ಮೆತ್ತಗೆ ತಟ್ಟುತ್ತಿತ್ತು. ಅದು ಊಟದ ಡಬ್ಬಿ ಎಂದು ಹೇಳಲು ಧೈರ್ಯ ಬರಲಿಲ್ಲ. ಹೌದೆಂದು ತಲೆಯಾಡಿಸಿದೆ. ಮುದುಕಿ ಇಳಿಯುವವರೆಗೂ, ಅಂದರೆ ತಾರ್ನಾಕಾದವರೆಗೂ, ತಟ್ಟುತ್ತಲೇ ಇದ್ದೆ.