ಬ್ರೇಕಿನ ಹಳದಿ

೨೦೧೪ನೇ ಇಸವಿ, ಅಕ್ಟೋಬರ್ ೫, ಭಾನುವಾರ, ಬೆಳಿಗ್ಗೆ ಆರು ಗಂಟೆ ಹತ್ತು ನಿಮಿಷಕ್ಕೆ ಇದನ್ನು ಬರೆಯಲು ಕೂತಿದ್ದೇನೆ. ವೇಳೆ ನಮೂದಿಸದೆ ನನಗೆ ಹಲ್ಲುಜ್ಜುವುದೂ ಕಷ್ಟ. ಅಚ್ಚುಕಟ್ಟು ಒಳ್ಳೆಯ ಗುಣವೆಂದು ಶಾಲೆಯಲ್ಲಿ ಹೇಳಿಕೊಟ್ಟಿದ್ದರು. ಅದು ಇನ್ನೊಬ್ಬರ ದಿನಗಳನ್ನು ತಿಂದುಹಾಕಬಲ್ಲ ಗುಣವೆಂದು ಮಾತ್ರ ಯಾರೂ ಹೇಳಿರಲಿಲ್ಲ. ಈ ನಾಲ್ಕು ತಿಂಗಳ ನನ್ನ ಡೈರಿಯಲ್ಲಿ ಹೊಡೆದುಹಾಕಿದ ಸಾಲು ಒಂದೂ ಇಲ್ಲ. ತಪ್ಪು ಒಂದೇ ಒಂದಿದೆ. ಅದು ಎಲ್ಲ ಪುಟಗಳಲ್ಲೂ ಇದೆ.

ನಮ್ಮದು ಮಕ್ತಲ್. ಮನೆಯ ಹಿಂದಿನ ತಗಡಿನ ಶೆಡ್ಡಿನಲ್ಲಿ ಅಜ್ಜನ ಅಂಬಾಸಿಡರ್ ಕಾರು ನಿಂತಿದೆ. ಅಜ್ಜ ಹೋದ ಮೇಲೆ ಹನ್ನೊಂದು ವರ್ಷ ಅದರ ಮೇಲೆ ಕೋಳಿಗಳು ಮಲಗಿದವು. ಅದನ್ನು ಕೊಂಡ ದಿನದಿಂದ ಓಡಿಸಿದವರು ಮೈಲಾರಪ್ಪ ಕಾಕಾ. ನಮಗೆ ನೆಂಟರಲ್ಲ, ಡ್ರೈವರು. ಆದರೆ ನನ್ನನ್ನು ಮೊದಲ ದಿನ ಶಾಲೆಗೆ ಎತ್ತಿಕೊಂಡು ಹೋದವರು ಅವರೇ. ಜೂನ್ ಒಂದನೇ ತಾರೀಖು ಬಂದು, ಅವ್ವ ಕೊಟ್ಟ ಚಹಾ ಕುಡಿದು, ಆಮೇಲೆ ಹೇಳಿದರು: “ತಮ್ಮಾ, ರಾಯಚೂರಾಗ ತೋರಿಸಿಕೊಂಡು ಬಂದೆ. ಕಣ್ಣಿನ ನರ ಒಣಗಾಕ ಹತ್ಯಾವಂತ. ಆಪರೇಶನ್ ಮಾಡಿದ್ರೂ ಬರಂಗಿಲ್ಲಂತ. ಈಗ ಹಗಲಿನ್ಯಾಗ ಚಲೋ ಕಾಣ್ತೈತಿ. ದಸರಾದತನಕ ಉಳಿದ್ರ ದೊಡ್ಡದು ಅಂದಾರ. ಅಷ್ಟರಾಗ ಒಮ್ಮೆ ನಮ್ಮ ಗಾಡಿ ಕೃಷ್ಣಾ ಹೊಳಿತನಕ ಒಯ್ದು ತರಬೇಕು ನೋಡು.”

ಹದಿನೈದು ದಿನದಲ್ಲಿ ಕೊಡುತ್ತೇನೆ ಎಂದೆ. ಡೈರಿಯಲ್ಲಿ ಹಾಗೆಯೇ ಬರೆದಿದೆ, ಕೆಳಗೆ ಗೆರೆ ಎಳೆದು.

ಮರುದಿನ ಊರೆಲ್ಲ ಅವತ್ತೇ ಹುಟ್ಟಿದ ನಮ್ಮ ಹೊಸ ರಾಜ್ಯಕ್ಕೆ ಪಟಾಕಿ ಹೊಡೆಯುತ್ತಿದ್ದಾಗ ನಾನು ಹಳೆಯ ಗಾಡಿಯನ್ನು ಇಟ್ಟಿಗೆಯ ಮೇಲೆ ಏರಿಸಿ ನಾಲ್ಕೂ ಗಾಲಿ ಬಿಚ್ಚಿದೆ. ಎಂಜಿನ್ನು ಎರಡು ದಿನದಲ್ಲಿ ಕೆಮ್ಮಿ ಎದ್ದಿತು. ಬ್ರೇಕುಗಳು ಮಾತ್ರ ತುಕ್ಕು ಹಿಡಿದು ಅಂಟಿಕೊಂಡಿದ್ದವು. ಮೆಕ್ಯಾನಿಕ್ಕು ಬಂದು ಇಣುಕಿ, “ಉಜ್ಜಿ, ಹೊಸಾ ಲೈನಿಂಗ್ ಹಾಕಿ ಕೂಡಿಸಿದ್ರ ನಾಕ ದಿನದ ಕೆಲಸರಿ” ಎಂದ. ಆ ನಾಲ್ಕು ದಿನಕ್ಕೆ ಒಪ್ಪಿದ್ದರೆ ಈ ಪ್ರಬಂಧ ಹುಟ್ಟುತ್ತಿರಲಿಲ್ಲ. ಆದರೆ ನಾನು ಕಂಪ್ಯೂಟರಿನಲ್ಲಿ ಹೊರದೇಶದ ಹಳೆ ಕಾರಿನವರ ಫೋಟೋಗಳನ್ನು ನೋಡಿಬಿಟ್ಟಿದ್ದೆ. ಅವರು ಬ್ರೇಕಿನ ಒಳಗಿನ ಸ್ಪ್ರಿಂಗಿಗೂ ಕಾರ್ಖಾನೆಯಿಂದ ಬಂದಾಗ ಯಾವ ಬಣ್ಣ, ಯಾವ ಹೊಳಪು ಇತ್ತೋ ಅದನ್ನೇ ಮರಳಿ ತರುತ್ತಾರೆ. ಯಾರೂ ಕಾಣದ ಜಾಗಕ್ಕೆ ಅಷ್ಟು ಮರ್ಯಾದೆ ಕೊಡುವ ಜನ ಭೂಮಿಯ ಮೇಲಿದ್ದಾರೆಂದು ತಿಳಿದು ಆ ಫೋಟೋಗಳನ್ನು ಡೈರಿಯಲ್ಲಿ ಅಂಟಿಸಿಕೊಂಡಿದ್ದೆ.

ಜೂನ್ ಎಂಟರಂದು ಸುಳಿವು ಸಿಕ್ಕಿತು. ಸ್ಪ್ರಿಂಗಿನ ಕೊಂಡಿಯ ಕೆಳಗೆ, ಎಣ್ಣೆಯ ಜಿಡ್ಡನ್ನು ಕೆರೆದಾಗ, ಬೆರಳ ತುದಿಯಷ್ಟು ಅಗಲದ ಹಳದಿ. ನಾಲ್ಕೂ ಗಾಲಿಗಳಲ್ಲಿ ಸರಿಯಾಗಿ ಅದೇ ಜಾಗದಲ್ಲಿ. ಇಷ್ಟು ಶಿಸ್ತು ಕಾರ್ಖಾನೆಗಲ್ಲದೆ ಇನ್ಯಾರಿಗೆ ಸಾಧ್ಯ? ಸಾಬೂನಿನಿಂದ ತೊಳೆದಾಗ ಒಂದು ಗುರುತು ಕೆಂಪಗಾಯಿತು. “ವಿಶೇಷ ರಸಾಯನ” ಎಂದು ಬರೆದುಕೊಂಡು, ಉಳಿದ ಮೂರನ್ನು ಯಾರೂ ಮುಟ್ಟದ ಹಾಗೆ ಬಟ್ಟೆ ಕಟ್ಟಿದೆ. ನಮ್ಮ ಅವ್ವನಿಗೆ ಒಂದು ಗಳಿಗೆ ತೋರಿಸಿದ್ದರೆ ಸಾಕಿತ್ತು. ಅವಳಿಗೆ ಬ್ರೇಕಿನ ವಿಷಯ ಏನು ಗೊತ್ತು ಎಂದುಕೊಂಡೆ.

ಬಣ್ಣ ಹೊಂದಿಸುವುದಕ್ಕೆ ನಾರಾಯಣಪೇಟೆಗೆ ಎರಡು ಸಲ ಹೋದೆ. ಅಲ್ಲಿ ನೇಕಾರರ ನೂಲಿಗೆ ಬಣ್ಣ ಹಾಕುವ ಮುದುಕರೊಬ್ಬರಿದ್ದಾರೆ. ಅವರು ನಾನು ಒಯ್ದಿದ್ದ ಹಳದಿ ಗುರುತಿನ ಬ್ರೇಕಿನ ತಗಡನ್ನು ಮೂಗಿನ ಹತ್ತಿರ ಹಿಡಿದು, “ಇದು ನಮ್ಮ ಕಸಬಿನ ಬಣ್ಣ ಅಲ್ಲ ಬಾಬೂ. ಮನ್ಯಾಗ ಹೆಣ್ಣಮಕ್ಕಳಿಗೆ ತೋರಿಸು” ಎಂದರು. ಇವರು ಕಾರಿನವರಲ್ಲ ಎಂದು ಬರೆದುಕೊಂಡು ಬಂದೆ. ಕೊನೆಗೆ ಅವ್ವನ ಮದುವೆಯ ಗದ್ವಾಲ ಸೀರೆಯ ಜರಿ ಅದಕ್ಕೆ ಹೊಂದಿತು. ಆ ಸೀರೆಯನ್ನೇ ಚೀಲದಲ್ಲಿಟ್ಟುಕೊಂಡು ಗದ್ವಾಲಕ್ಕೆ ಹೋಗಿ, ದೀಪದ ಕಂಬಗಳಿಗೂ ಪಂದ್ಯದ ಬಹುಮಾನದ ಕಪ್‌ಗಳಿಗೂ ಬಂಗಾರದ ಬಣ್ಣ ಹಿಡಿಸುವವನ ಮುಂದೆ ಬ್ರೇಕಿನ ಐವತ್ತೆರಡು ಬಿಡಿಭಾಗಗಳನ್ನು ಸುರಿದೆ. ಅವನು ಸೀರೆ ನೋಡಿದ, ನನ್ನ ಮುಖ ನೋಡಿದ. “ಇವು ಒಳಗ ಇರೋವಲ್ಲೇನ್ರಿ ಸಾರ್? ಯಾರ ನೋಡಬೇಕು?” ನಾನು ಸೀರೆಯ ಜರಿಯನ್ನು ಇನ್ನಷ್ಟು ಅವನ ಹತ್ತಿರ ಸರಿಸಿದೆ. ಮೊದಲ ಸಲ ಹಳದಿ ತಿಳಿಯಾಯಿತು, ಎರಡನೆಯ ಸಲ ತಾಮ್ರದ ಕಡೆ ವಾಲಿತು. ಎರಡು ಸಲವೂ ತಿರುಗಿಸಿ ಕೊಟ್ಟೆ.

ನಾನಿರುವ ಕಚೇರಿಯಲ್ಲಿ ಆ ದಿನಗಳಲ್ಲಿ ಕಾಗದ, ಮೊಹರು, ಬೋರ್ಡುಗಳಿಂದ ಹಳೆಯ ರಾಜ್ಯದ ಹೆಸರು ಅಳಿಸುವ ಕೆಲಸ. ಹಗಲೆಲ್ಲ ಹಳೆಯದನ್ನು ಅಳಿಸಿ, ಸಂಜೆ ಮನೆಗೆ ಬಂದು ಹಳೆಯದನ್ನು ಕೂರಿಸುತ್ತಿದ್ದೆ. ಕಾಕಾ ವಾರಕ್ಕೊಮ್ಮೆ ಬರುತ್ತಿದ್ದರು. “ಬ್ರೇಕ್ ಕುಂತಾವೇನು ತಮ್ಮಾ?” ಇದನ್ನು ಅವರು ಹದಿನೇಳು ಸಲ ಕೇಳಿದ್ದಾರೆ. ಜೂನಿನಲ್ಲಿ ಶೆಡ್ಡಿನ ಬಾಗಿಲಿನಿಂದ ಕೇಳಿದರು. ಆಗಸ್ಟಿನಲ್ಲಿ ಒಳಗೆ ಬಂದು ಕೇಳಿದರು. ಸೆಪ್ಟೆಂಬರಿನಲ್ಲಿ ನಾನಿದ್ದ ಕಡೆಗೆ ಮುಖ ಮಾಡದೆ ಕೇಳಿದರು. ಮೂರನ್ನೂ ಬರೆದಿಟ್ಟಿದ್ದೇನೆ, ಓದಿರಲಿಲ್ಲ. “ಬಣ್ಣ ಇಲ್ಲದಿದ್ರ ಗಾಡಿ ನಿಲ್ಲಂಗಿಲ್ಲೇನೋ? ಅವರಿಗೆ ಕಣ್ಣು ಇರೋತನಕ ಕೊಡಪಾ” ಎಂದು ಅವ್ವ ಒಮ್ಮೆ ಹೇಳಿದಳು. “ಇನ್ನ ಎಂಟ ದಿನ” ಎಂದೆ. ಆ ಎಂಟು ದಿನವೂ ಡೈರಿಯಲ್ಲಿ ಐದು ಕಡೆ ಇದೆ.

ಬಿಡಿಭಾಗಗಳು ಮೂರನೆಯ ಸಲ ಸೆಪ್ಟೆಂಬರ್ ೨೭ಕ್ಕೆ ಬಂದವು. ಜರಿಗೂ ಅವಕ್ಕೂ ಕೂದಲಿನಷ್ಟೂ ವ್ಯತ್ಯಾಸವಿಲ್ಲ. ದಸರಾದ ದಿನ, ಮೊನ್ನೆ ಶುಕ್ರವಾರ, ಒಂದು ಗಾಲಿ ಬಿಟ್ಟು ಎಲ್ಲ ಕೂಡಿಸಿ ಕಾಕಾನಿಗೆ ಹೇಳಿ ಕಳಿಸಿದೆ. ಅವರು ಗೋಡೆ ಸವರಿಕೊಂಡು ಬಂದರು. ನಾನು ಕೈಹಿಡಿದು ತೆರೆದ ಗಾಲಿಯ ಮುಂದೆ ಕೂರಿಸಿದೆ. ಬಂಗಾರದ ಬಣ್ಣದ ವಿಷಯ ಹೇಳಲು ಬಾಯಿ ತೆರೆಯುವಷ್ಟರಲ್ಲಿ, ಅವರು ಅಂಗಿಯ ಕಿಸೆಯಿಂದ ಒಂದು ಪೊಟ್ಟಣ ತೆಗೆದು, ಒಳಗಿನ ಪುಡಿಗೆ ನಾಲ್ಕು ಹನಿ ಎಣ್ಣೆ ಕೇಳಿ ಹಾಕಿಸಿಕೊಂಡು ಕಲಸಿ, ಕಾಣದ ಕಣ್ಣಿನಿಂದಲೇ ಕೈ ಒಳಗೆ ಹಾಕಿ, ಸ್ಪ್ರಿಂಗಿನ ಕೊಂಡಿಯ ಕೆಳಗೆ ಬೆರಳೊತ್ತಿದರು. ಸರಿಯಾಗಿ ಅದೇ ಜಾಗ. ಅದೇ ಅಗಲ.

“ಕಾಕಾ, ಅಲ್ಲಿ ಯಾಕ ಹಚ್ಚತೀರಿ?”

“ಎಲ್ಲಾರೂ ಸ್ಟೇರಿಂಗಿಗೆ ಹಚ್ಚತಾರ. ನಿಲ್ಲಸೂದು ಇದಲ್ಲೇನು? ನಿಮ್ಮ ಅಜ್ಜಾರನ್ನ ಕೂಡಿಸಿಕೊಂಡು ಹೊಳಿ ಕಡೆ ಇಳಿಯೂಮುಂದ ಬ್ರೇಕ್ ಹೋಗಿ, ಹತ್ತಿ ಬಂಡಿಗೆ ಗುದ್ದಿ ನಿಂತಿದ್ದೆ. ಅವತ್ತಿನಿಂದ ಗಾಡಿ ಓಡೋತನಕ ದಸರಾಕ್ಕೊಮ್ಮೆ ನಾಕೂ ಗಾಲಿ ಬಿಚ್ಚಿ ಇಲ್ಲಿ ಅರಿಷಿಣ.”

“ಹಂಗಾರ ಕಾರ್ಖಾನಿಯಿಂದ ಬಂದಾಗ ಇದರ ಬಣ್ಣ?”

“ಕರ್ರಗ, ರೊಟ್ಟಿ ಹಂಚಿನಂಗ. ಯಾಕ, ನೀ ಏನು ಹಚ್ಚಿಸೀದಿ?”

“ಹಳದಿ.”

“ಎಲ್ಲಾಕ್ಕೂ?”

“ಐವತ್ತೆರಡಕ್ಕೂ.”

ಕಾಕಾ ಬೆರಳನ್ನು ಧೋತರಕ್ಕೆ ಒರೆಸಿಕೊಂಡರು. “ಚಲೋ ಆತು ಬಿಡು. ಇನ್ನ ಮ್ಯಾಲ ದಸರಾಕ್ಕ ಗಾಲಿ ಬಿಚ್ಚೂ ಕೆಲಸ ತಪ್ಪಿತು.”

ಗಾಲಿ ಕೂಡಿಸಿದ ಮೇಲೆ ಅವರು ಡ್ರೈವರ್ ಸೀಟಿನಲ್ಲಿ ಕೂತರು. ಎರಡೂ ಕೈ ಸ್ಟೇರಿಂಗಿನ ಮೇಲಿಟ್ಟು, ಮುಂದಿನ ತಗಡಿನ ಗೋಡೆಯ ಕಡೆಗೆ ಮುಖ ಮಾಡಿ ಬ್ರೇಕು ತುಳಿದರು. ನಿಂತ ಗಾಡಿಯಲ್ಲಿ ಇಪ್ಪತ್ತಾರು ಸಲ ತುಳಿದರು. ನಾನು ಎಣಿಸಿದೆ, ಬೇರೆ ಏನು ಮಾಡಬೇಕೆಂದು ತಿಳಿಯಲಿಲ್ಲ. “ಚಂದ ಹಿಡೀತೈತಿ” ಎಂದರು. ಆಮೇಲೆ, “ನಿನಗ ಈಗರ ಓಡಿಸಾಕ ಬರ್ತೈತೇನು?”

“ಇಲ್ಲರಿ ಕಾಕಾ.”

“ಹಂಗಾರ ಈ ಬ್ರೇಕ್ ಭಾಳ ದಿನ ಬಾಳಿಕಿ ಬರ್ತಾವ.”

ಈಗ ಗಂಟೆ ಎಂಟಾಗಿದೆ. ಒಣಗಿದ ಕಣ್ಣಿನ ನರಕ್ಕೆ ಎಲ್ಲಾದರೂ ಮದ್ದಿದೆಯೆಂದು ಬಲ್ಲವರು ದಯವಿಟ್ಟು ಈ ಪ್ರಬಂಧ ಅಚ್ಚಾಗುವ ಪತ್ರಿಕೆಯ ಮೂಲಕ ನನಗೆ ಬರೆಯಬೇಕು. ಇನ್ನೊಂದು ಮಾತಿದೆ, ಬರೆಯಲೋ ಬೇಡವೋ ಎಂದು ಹತ್ತು ನಿಮಿಷ ಪೆನ್ನು ಹಿಡಿದು ಕೂತಿದ್ದೆ. ಕಾರ್ಖಾನೆಯ ಆ ಕಪ್ಪು ಹೊಳೆಯುವ ಕಪ್ಪೋ, ಮಬ್ಬು ಕಪ್ಪೋ? ಪೂಜೆ ಕಾಣದ ಗಾಡಿ ಯಾರ ಮನೆಯಲ್ಲಾದರೂ ಇದ್ದರೆ, ಗಾಲಿ ಬಿಚ್ಚಿ ನೋಡಿ ಅದನ್ನೂ ತಿಳಿಸಿ. ಇದಕ್ಕೆ ಈಗ ಅವಸರವೇನೂ ಇಲ್ಲ.